ಹನ್ನೆರಡು ಕುರ್ಚಿಗಳು

(ಬಾನುಲಿ ಭಾಷಣ)

ವಸ್ತುಸಂಗ್ರಹಾಲಯವೆಂದರೆ ಹಿಂದೆ ನಿಜವಾಗಿ ಇದ್ದದ್ದನ್ನು ಕಾಪಿಡುವ ಸ್ಥಳವೆಂದು ನಾವೆಲ್ಲ ನಂಬಿದ್ದೇವೆ. ಅರಸನ ಖಡ್ಗ, ರಾಣಿಯ ಪಲ್ಲಕ್ಕಿ, ರೈತನ ನೇಗಿಲು, ಶಾನುಭೋಗನ ಕಡತ, ಇವೆಲ್ಲ ಯಾರೋ ಹಿಡಿದವು, ಏರಿದವು, ಹೂಡಿದವು, ಬರೆದವು. ಆದರೆ ಎಂದೂ ನಡೆಯದ ಒಂದು ಮೊಕದ್ದಮೆಯ ಸಲುವಾಗಿ ನ್ಯಾಯಾಲಯವೊಂದನ್ನು ಕುರ್ಚಿ, ಮೇಜು, ಕಟಕಟೆಗಳ ಸಮೇತ ಕಾಪಾಡಿಕೊಂಡು ಬಂದಿರುವ ಒಂದು ಊರಿದೆ. ಅಲ್ಲಿಗೆ ಬರುವ ಯಾತ್ರಿಕರು, ಹೌದು, ಅವರನ್ನು ಯಾತ್ರಿಕರೆಂದೇ ಕರೆಯಬೇಕು, ಆ ಮೊಕದ್ದಮೆ ನಡೆಯಲಿಲ್ಲವೆಂಬುದನ್ನು ಚೆನ್ನಾಗಿ ಬಲ್ಲರು. ಬಲ್ಲರಾದರೂ ಒಳಗೆ ಕಾಲಿಡುವಾಗ ದನಿ ತಗ್ಗಿಸುತ್ತಾರೆ. ನಾನೂ ತಗ್ಗಿಸಿದೆ. ಆ ಊರನ್ನು ಕುರಿತು, ಅಲ್ಲಿ ನಾನು ಕುಳಿತು ಬಂದ ಒಂದು ಕುರ್ಚಿಯನ್ನು ಕುರಿತು ಈ ಹೊತ್ತು ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ಊರಿನ ಹೆಸರು ಮನ್ರೋವಿಲ್. ಅಮೆರಿಕದ ದಕ್ಷಿಣ ಭಾಗದ ಅಲಬಾಮ ರಾಜ್ಯದಲ್ಲಿ, ರಾಜಧಾನಿ ಮಾಂಟ್ಗೊಮರಿಯಿಂದ ಸುಮಾರು 160 ಕಿಲೋಮೀಟರು ದೂರದಲ್ಲಿದೆ. ಜನಸಂಖ್ಯೆ 6,000ದ ಆಸುಪಾಸು. ನಾನು ಅಧ್ಯಾಪನದಿಂದ ನಿವೃತ್ತನಾದ 2018ರಲ್ಲಿ ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಏನು ನೋಡಬೇಕೆಂದಿದ್ದೀರಿ ಎಂದು ಅವಳು ಕೇಳಿದಾಗ, ಜಲಪಾತವನ್ನೋ ಗಗನಚುಂಬಿ ಕಟ್ಟಡವನ್ನೋ ಹೆಸರಿಸದೆ ನಾನು ಈ ಊರಿನ ಹೆಸರು ಹೇಳಿದೆ. ಅವಳಿಗೆ ಆಶ್ಚರ್ಯವಾಯಿತು. ಆದರೂ ಅಕ್ಟೋಬರಿನ ಒಂದು ಬೆಳಿಗ್ಗೆ ಕಾರು ಹತ್ತಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಪೈನ್ ಮರಗಳ ತೋಪು, ನಡುನಡುವೆ ಹತ್ತಿಯ ಹೊಲ, ಅಲ್ಲಲ್ಲಿ ಬಿಳಿಯ ಗೋಪುರದ ಚರ್ಚು. ಮಣ್ಣು ನಮ್ಮ ಕಡೆಯ ಕೆಮ್ಮಣ್ಣಿನಂತೆಯೇ ಕಂಡಿತು.

ಅಮೆರಿಕದಲ್ಲಿ ಕೌಂಟಿಯೆಂದರೆ ನಮ್ಮ ತಾಲ್ಲೂಕಿಗಿಂತ ತುಸು ದೊಡ್ಡದು, ಜಿಲ್ಲೆಗಿಂತ ಚಿಕ್ಕದು ಎನ್ನಬಹುದಾದ ಆಡಳಿತದ ಘಟಕ. ಅದರ ಮುಖ್ಯ ಪಟ್ಟಣದ ನಡುವೆ ಒಂದು ಚೌಕ, ಚೌಕದ ನಡುವೆ ಕೋರ್ಟಿನ ಕಟ್ಟಡ, ಸುತ್ತ ಅಂಗಡಿಗಳು. ಜಮೀನಿನ ಪತ್ರ ನೋಂದಾಯಿಸುವುದು, ಕಂದಾಯ ಕಟ್ಟುವುದು, ಮದುವೆಗೆ ಅನುಮತಿ ಪಡೆಯುವುದು, ವ್ಯಾಜ್ಯ ಹೂಡುವುದು, ಶಿಕ್ಷೆಗೆ ಗುರಿಯಾಗುವುದು, ಎಲ್ಲವೂ ಆ ಒಂದೇ ಸೂರಿನ ಅಡಿಯಲ್ಲಿ. ಮನ್ರೋ ಕೌಂಟಿಯ ಹಳೆಯ ಕೋರ್ಟು 1903ರಲ್ಲಿ ಕಟ್ಟಿದ್ದು. ಕೆಂಪು ಇಟ್ಟಿಗೆಯ ಗೋಡೆ, ನೆತ್ತಿಯ ಮೇಲೆ ಗಡಿಯಾರದ ಬಿಳಿಯ ಗೋಪುರ. 1963ರಲ್ಲಿ ಪಕ್ಕದಲ್ಲಿಯೇ ಹೊಸ ಕೋರ್ಟು ಎದ್ದಿತು. ಹಳೆಯದಕ್ಕೆ ಕೆಲಸ ತಪ್ಪಿತು. ಕೆಲಸ ತಪ್ಪಿದ ಇಂಥ ಕಟ್ಟಡಗಳ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ: ಮೊದಲು ಪಾರಿವಾಳಗಳು ಬರುತ್ತವೆ, ಆಮೇಲೆ ಗುತ್ತಿಗೆದಾರರು ಬರುತ್ತಾರೆ. ಮನ್ರೋವಿಲ್ಲಿನ ಕಟ್ಟಡವನ್ನು ಈ ಗತಿಯಿಂದ ಪಾರು ಮಾಡಿದ್ದು ಒಂದು ಕಾದಂಬರಿ.

ಆ ಕಾದಂಬರಿ ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. 1960ರ ಜುಲೈನಲ್ಲಿ ಪ್ರಕಟವಾಗಿ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಮಾಕಿಂಗ್‌ಬರ್ಡ್ ಎಂಬುದು ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಹಾಡುವ ಹಕ್ಕಿ. ಯಾರ ಬೆಳೆಗೂ ಕೇಡು ಮಾಡದ ಈ ಹಾಡುಹಕ್ಕಿಯನ್ನು ಕೊಲ್ಲುವುದು ಪಾಪವೆಂಬ ಜನರ ನಂಬಿಕೆಯಿಂದ ಪುಸ್ತಕಕ್ಕೆ ಆ ಹೆಸರು ಬಂತು. ಲೇಖಕಿ ಹುಟ್ಟಿದ್ದು ಇದೇ ಮನ್ರೋವಿಲ್ಲಿನಲ್ಲಿ, 1926ರಲ್ಲಿ. ತೀರಿಕೊಂಡದ್ದೂ ಇಲ್ಲಿಯೇ, 2016ರಲ್ಲಿ. ಆಕೆಯ ತಂದೆ ಅಮಾಸ ಕೋಲ್ಮನ್ ಲೀ ಇದೇ ಕೋರ್ಟಿನ ವಕೀಲರು, ಊರಿನ ವಾರಪತ್ರಿಕೆಯ ಸಂಪಾದಕರು. ಪಕ್ಕದ ಮನೆಯಲ್ಲಿ ನೆಂಟರ ಆಶ್ರಯದಲ್ಲಿ ಬೆಳೆಯುತ್ತಿದ್ದ ಒಬ್ಬ ಹುಡುಗ ಆಕೆಯ ಆಟದ ಜೊತೆಗಾರ. ಅವನೇ ಮುಂದೆ ಟ್ರೂಮನ್ ಕಪೋಟಿ ಎಂದು ಹೆಸರಾದ. ಒಂದು ಗೋಡೆಯ ಅತ್ತ ಇತ್ತ ಇಬ್ಬರು ದೊಡ್ಡ ಲೇಖಕರು! ಆ ಎರಡು ಮನೆಗಳೂ ಈಗ ಇಲ್ಲ. ಲೀ ಅವರ ಮನೆಯಿದ್ದ ಜಾಗದಲ್ಲಿ ಐಸ್‌ಕ್ರೀಮು ಮಾರುವ ಅಂಗಡಿಯನ್ನು ಕಂಡೆ. ನಡುವಿನ ಕಲ್ಲುಗೋಡೆಯ ತುಂಡೊಂದು ಮಾತ್ರ ಉಳಿದಿದೆ. ಮಗಳು ಅಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದಳು.

ಕಥೆಯನ್ನು ಓದದ ಕೇಳುಗರಿಗಾಗಿ ಒಂದೆರಡು ಮಾತು. 1930ರ ದಶಕ. ಮೇಕೂಂಬ್ ಎಂಬ ಕಲ್ಪಿತ ಪಟ್ಟಣ. ಟಾಮ್ ರಾಬಿನ್ಸನ್ ಎಂಬ ಕಪ್ಪು ಕೂಲಿಯ ಮೇಲೆ ಬಿಳಿಯ ಹೆಣ್ಣೊಬ್ಬಳು ಮಾನಭಂಗದ ಆಪಾದನೆ ಹೊರಿಸುತ್ತಾಳೆ. ಆಟಿಕಸ್ ಫಿಂಚ್ ಎಂಬ ವಕೀಲ ಅವನ ಪರವಾಗಿ ನಿಲ್ಲುತ್ತಾನೆ. ಆಟಿಕಸನ ಮಕ್ಕಳು ಕೆಳಗೆ ಜಾಗ ಸಿಗದೆ, ಕಪ್ಪು ಜನರಿಗೆಂದು ಮೀಸಲಾದ ಮೇಲಿನ ಗ್ಯಾಲರಿಯಲ್ಲಿ ಕುಳಿತು ಈ ವಿಚಾರಣೆಯನ್ನು ನೋಡುತ್ತಾರೆ. ಹೆಣ್ಣಿಗೆ ಪೆಟ್ಟು ಬಿದ್ದದ್ದು ಮುಖದ ಬಲಭಾಗಕ್ಕೆ. ಟಾಮನ ಎಡಗೈ ಚಿಕ್ಕಂದಿನಲ್ಲಿಯೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ನಿಷ್ಪ್ರಯೋಜಕವಾಗಿದೆ. ಆಟಿಕಸ್ ಪಾಟೀಸವಾಲಿನಲ್ಲಿ ಒಂದು ಸಂಗತಿಯನ್ನು ಎತ್ತಿ ತೋರಿಸುತ್ತಾನೆ: ಘಟನೆ ನಡೆದ ಮೇಲೆ ಯಾರೂ ವೈದ್ಯರನ್ನು ಕರೆಸಲಿಲ್ಲ. ಇಷ್ಟು ದೊಡ್ಡ ಆಪಾದನೆ ಮಾಡಿದವರು ಇಷ್ಟು ಚಿಕ್ಕ ಕೆಲಸವನ್ನೇಕೆ ಮಾಡಲಿಲ್ಲ? ಉತ್ತರವಿಲ್ಲ. ಟಾಮ್ ನಿರಪರಾಧಿಯೆಂಬುದು ಹಗಲಿನಷ್ಟು ಸ್ಪಷ್ಟ. ಆದರೂ ಜ್ಯೂರಿಯ ಹನ್ನೆರಡು ಮಂದಿ ಕೆಲವು ಗಂಟೆಗಳ ಕಾಲ ಒಳಗೆ ಕುಳಿತು ಹೊರಗೆ ಬಂದು, ಅಪರಾಧಿ ಎನ್ನುತ್ತಾರೆ.

ಈಗ ಕಟ್ಟಡದೊಳಗೆ ಹೋಗೋಣ. ಪಕ್ಕದ ಕೋಣೆಗಳಲ್ಲಿ ಲೀ ಮತ್ತು ಕಪೋಟಿ ಅವರಿಗೆ ಸಂಬಂಧಿಸಿದ ಛಾಯಾಚಿತ್ರಗಳು, ಪತ್ರಗಳು, ಊರಿನ ಹಳೆಯ ಬದುಕಿನ ಕುರುಹುಗಳು ಇವೆ. ಅವನ್ನೆಲ್ಲ ಗೌರವದಿಂದಲೇ ನೋಡಿದೆ. ಆದರೆ ಮನಸ್ಸು ಮುಖ್ಯ ಕೋರ್ಟಿನ ಕಡೆಗೇ ಎಳೆಯುತ್ತಿತ್ತು. ಅಂಡಾಕಾರದ ವಿಶಾಲವಾದ ಕೋಣೆ ಅದು. ಒಂದು ಕೊನೆಯಲ್ಲಿ ನ್ಯಾಯಾಧೀಶರ ಪೀಠ, ಅದರ ಬದಿಗೆ ಸಾಕ್ಷಿಯ ಕುರ್ಚಿ, ವಕೀಲರ ಮೇಜುಗಳು, ಜ್ಯೂರಿಯ ಹನ್ನೆರಡು ಕುರ್ಚಿಗಳು. ಮೇಲೆ ಗೋಡೆಯ ಬಾಗನ್ನೇ ಅನುಸರಿಸಿ ಸುತ್ತಿಬಂದಿರುವ ಗ್ಯಾಲರಿ. ಎತ್ತರದ ಕಿಟಕಿಗಳಿಂದ ಬಿಸಿಲು ಬಂದು ನೆಲದ ಹಲಗೆಗಳ ಮೇಲೆ ಬಿದ್ದಿತ್ತು.

ಈ ಕೋಣೆಯನ್ನು ನಾನು ಮೊದಲೇ ನೋಡಿದ್ದೆನಲ್ಲ ಎನ್ನಿಸಿತು. ನೋಡಿದ್ದೆ, ನಿಜ, ಆದರೆ ತೆರೆಯ ಮೇಲೆ. 1962ರಲ್ಲಿ ಈ ಕಾದಂಬರಿ ಚಲನಚಿತ್ರವಾಯಿತು. ಚಿತ್ರದ ಕಲಾನಿರ್ದೇಶಕರಲ್ಲಿ ಒಬ್ಬರಾದ ಹೆನ್ರಿ ಬಮ್‌ಸ್ಟೆಡ್ 1961ರಲ್ಲಿ ಇಲ್ಲಿಗೆ ಬಂದು, ಈ ಕೋಣೆಯನ್ನು ಅಳತೆ ಮಾಡಿ, ಚಿತ್ರಗಳನ್ನು ತೆಗೆದುಕೊಂಡು ಹೋಗಿ, ಹಾಲಿವುಡ್ಡಿನಲ್ಲಿ ಇದರ ಪ್ರತಿಕೃತಿಯನ್ನು ಕಟ್ಟಿಸಿದರು. ಆ ಕೆಲಸಕ್ಕೆ ಆಸ್ಕರ್ ಪ್ರಶಸ್ತಿಯೂ ಬಂತು. ಚಿತ್ರೀಕರಣ ನಡೆದದ್ದು ಪ್ರತಿಕೃತಿಯಲ್ಲಿ. ಜನ ಬಂದು ಕೈ ಮುಗಿಯುವುದು ಮೂಲಕೃತಿಗೆ. ಆಟಿಕಸನ ಪಾತ್ರ ವಹಿಸಿದ ಗ್ರೆಗರಿ ಪೆಕ್ ಮನ್ರೋವಿಲ್ಲಿಗೆ ಬಂದು ಲೇಖಕಿಯ ವೃದ್ಧ ತಂದೆಯನ್ನು ಕಂಡು ಹೋದರು. ಚಿತ್ರ ತೆರೆ ಕಾಣುವ ಮೊದಲೇ, 1962ರ ಏಪ್ರಿಲಿನಲ್ಲಿ, ಆ ಹಿರಿಯರು ತೀರಿಕೊಂಡರು. ಅವರ ಜೇಬುಗಡಿಯಾರವನ್ನು ಮಗಳು ಪೆಕ್ ಅವರಿಗೆ ಕೊಟ್ಟಳು. ನಿಜವಾದ ವಕೀಲನ ಗಡಿಯಾರ ಕಲ್ಪನೆಯ ವಕೀಲನ ಜೇಬು ಸೇರಿತು. ಈ ಊರಿನಲ್ಲಿ ನಿಜಕ್ಕೂ ಕಲ್ಪನೆಗೂ ನಡುವಿನ ಬೇಲಿ ಅಷ್ಟು ತೆಳುವಾದದ್ದು.

ಬಂದವರು ಏನು ಮಾಡುತ್ತಾರೆಂಬುದನ್ನು ನಾನು ಸ್ವಲ್ಪ ಹೊತ್ತು ಒಂದು ಬೆಂಚಿನ ಮೇಲೆ ಕುಳಿತು ಗಮನಿಸಿದೆ. ಕೆಲವರು ಆಟಿಕಸನ ಮೇಜಿನ ಬಳಿ ನಿಂತು ಫೋಟೋ ತೆಗೆಸಿಕೊಂಡರು. ಕೆಲವರು ನ್ಯಾಯಾಧೀಶರ ಕುರ್ಚಿಯಲ್ಲಿ ಕುಳಿತು ನಕ್ಕರು. ಬಹಳ ಮಂದಿ ಮೆಟ್ಟಿಲು ಹತ್ತಿ ಗ್ಯಾಲರಿಗೆ ಹೋಗಿ, ಮಕ್ಕಳು ನೋಡಿದಂತೆ ಕಟಾಂಜನದ ಮೇಲೆ ಕೈಯೂರಿ ಕೆಳಗೆ ನೋಡಿದರು. ನಾನೂ ಹಾಗೆಯೇ ಮಾಡಿದೆ. ಕಾದಂಬರಿಯಲ್ಲಿ, ಸೋತ ಆಟಿಕಸ್ ಹೊರಗೆ ನಡೆಯುವಾಗ ಗ್ಯಾಲರಿಯ ಕಪ್ಪು ಜನರೆಲ್ಲ ಮಾತಿಲ್ಲದೆ ಎದ್ದು ನಿಲ್ಲುತ್ತಾರೆ. ಅದನ್ನು ನೆನೆದು ನನ್ನ ಕಣ್ಣು ತೇವವಾಯಿತು. ಎಷ್ಟು ಸುಖವಾದ ಕಣ್ಣೀರು ಅದು! ನ್ಯಾಯವಂತರ ಪಕ್ಷದಲ್ಲಿ ನಾನಿದ್ದೇನೆಂಬ ತೃಪ್ತಿ ಅದರಲ್ಲಿ ಬೆರೆತಿತ್ತು. ಜ್ಯೂರಿಯ ಕುರ್ಚಿಗಳ ಕಡೆಗೆ ಮಾತ್ರ ಅಷ್ಟು ಹೊತ್ತೂ ಯಾರೂ ಹೋಗಲಿಲ್ಲ.

ಇಲ್ಲಿ ಒಂದು ನಾಟಕದ ವಿಷಯ ಹೇಳಬೇಕು. 1991ರಿಂದ ಈ ಊರಿನ ಜನ ವಸಂತಕಾಲದಲ್ಲಿ ಈ ಕಾದಂಬರಿಯನ್ನು ನಾಟಕವಾಗಿ ಆಡುತ್ತ ಬಂದಿದ್ದಾರೆ. ನಟರು ಊರಿನವರೇ. ಮೊದಲ ಭಾಗ ಕೋರ್ಟಿನ ಹೊರಗೆ ಹುಲ್ಲಿನ ಮೇಲೆ, ಎರಡನೆಯ ಭಾಗ ಈ ಕೋಣೆಯಲ್ಲಿಯೇ. ವಿಚಾರಣೆ ಮೊದಲಾಗುವ ಮುನ್ನ ಪ್ರೇಕ್ಷಕರಿಂದಲೇ ಹನ್ನೆರಡು ಮಂದಿ ಗಂಡಸರನ್ನು ಆರಿಸಿ ಜ್ಯೂರಿಯ ಕುರ್ಚಿಗಳಲ್ಲಿ ಕೂರಿಸುತ್ತಾರೆ. ಗಂಡಸರನ್ನೇ ಏಕೆಂದರೆ ಆ ಕಾಲದಲ್ಲಿ ಅಲಬಾಮದಲ್ಲಿ ಹೆಂಗಸರು ಜ್ಯೂರಿಯಾಗುವಂತಿರಲಿಲ್ಲ; ಅವರಿಗೆ ಆ ಹಕ್ಕು ದೊರೆತದ್ದು 1966ರಲ್ಲಿ. ಈ ಹನ್ನೆರಡು ಮಂದಿ ದೂರದಿಂದ ಟಿಕೀಟು ಕೊಂಡು ಬಂದವರು, ಪುಸ್ತಕವನ್ನು ಮೆಚ್ಚಿದವರು, ಟಾಮ್ ನಿರಪರಾಧಿಯೆಂದು ಬಲ್ಲವರು. ಆದರೂ ಕಥೆ ನಡೆಯಬೇಕಲ್ಲ! ಕೊನೆಗೆ ಅವರ ಹೆಸರಿನಲ್ಲಿ ಹೊರಬೀಳುವ ತೀರ್ಪು, ಅಪರಾಧಿ ಎಂದೇ. ನಾನು ಹೋದದ್ದು ನಾಟಕದ ಕಾಲದಲ್ಲಲ್ಲ. ಆದರೆ ಈ ಸಂಗತಿಯನ್ನು ಓದಿ ತಿಳಿದಿದ್ದೆ. ಒಂದು ಸ್ವಾರಸ್ಯವೆಂದಷ್ಟೇ ಭಾವಿಸಿದ್ದೆ.

ಈ ಕೋಣೆಯಲ್ಲಿ ಟಾಮ್ ರಾಬಿನ್ಸನ್ನನ ವಿಚಾರಣೆ ನಡೆಯಲಿಲ್ಲವೆಂದೆ. ಬೇರೆ ವಿಚಾರಣೆಗಳು ನಡೆದಿವೆ. 1933ರಲ್ಲಿ ವಾಲ್ಟರ್ ಲೆಟ್ ಎಂಬ ಕಪ್ಪು ಮನುಷ್ಯನ ಮೇಲೆ ಇಂಥದೇ ಆಪಾದನೆ ಬಂತು. 1934ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅವನ ಅಪರಾಧದ ಬಗ್ಗೆ ಸಂದೇಹಪಟ್ಟು ಗವರ್ನರಿಗೆ ಪತ್ರಗಳು ಹೋದ ಮೇಲೆ ಅದು ಜೀವಾವಧಿ ಶಿಕ್ಷೆಗೆ ಇಳಿಯಿತು. ಅಷ್ಟು ಹೊತ್ತಿಗೆ ಅವನ ಬುದ್ಧಿ ಕೆಟ್ಟಿತ್ತು. 1937ರಲ್ಲಿ ಆಸ್ಪತ್ರೆಯಲ್ಲಿ ಕ್ಷಯರೋಗದಿಂದ ತೀರಿಕೊಂಡ. ಅದಕ್ಕೂ ಮೊದಲು, 1919ರಲ್ಲಿ, ಹಾರ್ಪರ್ ಲೀಯ ತಂದೆಯೇ ಕೊಲೆಯ ಆಪಾದನೆಗೆ ಗುರಿಯಾದ ಇಬ್ಬರು ಕಪ್ಪು ಜನರ, ಒಬ್ಬ ತಂದೆ ಮತ್ತು ಅವನ ಮಗನ, ಪರವಾಗಿ ವಾದಿಸಿದ್ದರು. ಇಬ್ಬರನ್ನೂ ಗಲ್ಲಿಗೇರಿಸಿದರು. ಆಮೇಲೆ ಅವರು ಕ್ರಿಮಿನಲ್ ಮೊಕದ್ದಮೆಯ ತಂಟೆಗೇ ಹೋಗಲಿಲ್ಲ. ಇಂಥ ಹಳೆಯ ದುಃಖಗಳನ್ನೆಲ್ಲ ಕಾದಂಬರಿ ತನ್ನ ಬೆಳಕಿನಲ್ಲಿ ತೊಳೆದು ಪುಣ್ಯ ಮಾಡಿತು ಎಂಬುದು ನನ್ನ ಎಣಿಕೆಯಾಗಿತ್ತು. ದೊಡ್ಡ ಪುಸ್ತಕವೊಂದು ಊರಿನ ಮನಸ್ಸನ್ನು ತಿದ್ದಿಬಿಡುತ್ತದೆಂದು ಸಾಹಿತ್ಯದ ಮೇಷ್ಟರಲ್ಲದೆ ಬೇರೆ ಯಾರು ನಂಬಬೇಕು?

ಹೊರಗೆ ಬಂದು ಚೌಕದ ಬೆಂಚಿನ ಮೇಲೆ ಕುಳಿತೆವು. ಮಗಳು ಕೈಚೀಲದಿಂದ ಒಂದು ಪುಸ್ತಕ ತೆಗೆದು, ‘ಅಪ್ಪ, ಇದನ್ನು ಬರುವ ಮೊದಲೇ ಕೊಡಬೇಕೆಂದಿದ್ದೆ. ಆದರೆ ನೀವು ಎಷ್ಟು ಸಂತೋಷದಿಂದ ಹೊರಟಿದ್ದಿರಿ ಎಂದು ಸುಮ್ಮನಾದೆ’ ಎಂದಳು. ಬ್ರಯಾನ್ ಸ್ಟೀವನ್‌ಸನ್ ಎಂಬ ಕಪ್ಪು ವಕೀಲರು 2014ರಲ್ಲಿ ಬರೆದ ‘ಜಸ್ಟ್ ಮರ್ಸಿ’ ಎಂಬ ಪುಸ್ತಕ ಅದು. ಅದರ ಮೊದಲ ಅಧ್ಯಾಯಕ್ಕೆ ಇದೇ ಊರಿನ ನಾಟಕ ತಂಡದ ಹೆಸರಿದೆ.

ಆ ಪುಸ್ತಕದ ಮುಖ್ಯ ಕಥೆ ಕಲ್ಪನೆಯದಲ್ಲ. 1986ರ ನವೆಂಬರ್ 1ರಂದು, ಇದೇ ಮನ್ರೋವಿಲ್ಲಿನಲ್ಲಿ, ಬಟ್ಟೆ ಒಗೆದುಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ 18 ವರ್ಷದ ಬಿಳಿಯ ತರುಣಿಯೊಬ್ಬಳ ಕೊಲೆಯಾಯಿತು. ತಿಂಗಳುಗಳು ಕಳೆದರೂ ಕೊಲೆಗಾರ ಸಿಕ್ಕಲಿಲ್ಲ. 1987ರಲ್ಲಿ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ, ಮರ ಕಡಿಸಿ ಮಾರುವ ಕಸುಬಿನ ಕಪ್ಪು ಮನುಷ್ಯನನ್ನು ಹಿಡಿದರು. ಬಿಳಿಯ ಹೆಣ್ಣೊಬ್ಬಳ ಜೊತೆ ಅವನಿಗೆ ಸಂಬಂಧವಿತ್ತೆಂಬುದು ಊರಿಗೆ ತಿಳಿದಿತ್ತು. ಕೊಲೆಯ ವೇಳೆಯಲ್ಲಿ ಅವನು ತನ್ನ ಮನೆಯಲ್ಲಿದ್ದ. ಚರ್ಚಿನ ಸಹಾಯಾರ್ಥವಾಗಿ ಅಂದು ಅಲ್ಲಿ ಮೀನು ಹುರಿದು ಮಾರುತ್ತಿದ್ದರು. ಅವನನ್ನು ಕಂಡವರು ಅನೇಕರು. ಅವರೆಲ್ಲರೂ ಕಪ್ಪು ಜನ. ವಿಚಾರಣೆಗೆ ಮೊದಲೇ ಅವನನ್ನು ಮರಣದಂಡನೆಯ ಕೈದಿಗಳ ಸಾಲಿನಲ್ಲಿ ಇರಿಸಿದರು. ವಿಚಾರಣೆ ಪಕ್ಕದ ಬಾಲ್ಡ್ವಿನ್ ಕೌಂಟಿಗೆ ವರ್ಗವಾಗಿ, 1988ರ ಆಗಸ್ಟಿನಲ್ಲಿ ಎರಡು ದಿನ ತುಂಬುವ ಮೊದಲೇ ಮುಗಿಯಿತು. ಜ್ಯೂರಿಯಲ್ಲಿ 11 ಮಂದಿ ಬಿಳಿಯರು, ಒಬ್ಬ ಕಪ್ಪು ವ್ಯಕ್ತಿ. ತೀರ್ಪು, ಅಪರಾಧಿ. ಜ್ಯೂರಿ ಜೀವಾವಧಿ ಸಾಕೆಂದು ಶಿಫಾರಸು ಮಾಡಿತು. ನ್ಯಾಯಾಧೀಶರು ಅದನ್ನು ಬದಿಗಿಟ್ಟು ಮರಣದಂಡನೆ ವಿಧಿಸಿದರು. ನ್ಯಾಯಾಧೀಶರಿಗೆ ಹಾಗೆ ಮಾಡುವ ಅಧಿಕಾರವನ್ನು ಅಲಬಾಮ ತೆಗೆದುಹಾಕಿದ್ದು 2017ರಲ್ಲಿ.

ಮ್ಯಾಕ್‌ಮಿಲಿಯನ್ ಆರು ವರ್ಷ ಸಾವಿನ ಸಾಲಿನಲ್ಲಿ ಕಾದ. ಸ್ಟೀವನ್‌ಸನ್ ಮೊಕದ್ದಮೆಯನ್ನು ಕೈಗೆತ್ತಿಕೊಂಡರು. ಮುಖ್ಯ ಸಾಕ್ಷಿ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ. 1993ರ ಮಾರ್ಚಿಯಲ್ಲಿ ಮ್ಯಾಕ್‌ಮಿಲಿಯನ್ ಬಿಡುಗಡೆಯಾದ, 2013ರಲ್ಲಿ ತೀರಿಕೊಂಡ. ತಾರೀಖುಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. 1991ರಲ್ಲಿ ಈ ಕೋಣೆಯಲ್ಲಿ ಟಾಮ್ ರಾಬಿನ್ಸನ್ನನ ನಾಟಕ ಮೊದಲಾಯಿತು. ಅದೇ 1991ರಲ್ಲಿ ಇದೇ ಕೌಂಟಿಯ ನಿರಪರಾಧಿಯೊಬ್ಬ ಸೆರೆಮನೆಯಲ್ಲಿ ತನ್ನ ಸಾವಿನ ದಿನವನ್ನು ಎದುರು ನೋಡುತ್ತಿದ್ದ.

ಇದನ್ನು ಹೇಳಿ ಮನ್ರೋವಿಲ್ಲಿನ ಜನರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರು ತಮ್ಮ ಊರಿನ ಮೇಲೆ ಬರೆದ ಕಠಿಣವಾದ ಪುಸ್ತಕವನ್ನು ಮುಚ್ಚಿಡದೆ, ಅದನ್ನೇ ಊರಿನ ಕಿರೀಟವಾಗಿ ಮಾಡಿಕೊಂಡಿದ್ದಾರೆ. ಎಷ್ಟು ಊರುಗಳಿಗೆ ಆ ಧೈರ್ಯವಿದೆ? ಆದರೆ ಕಿರೀಟವಾಗಿ ಮಾಡಿಕೊಂಡ ಪುಸ್ತಕ ಕನ್ನಡಿಯಾಗಿ ಉಳಿಯುವುದು ಕಷ್ಟ. ಹಾರ್ಪರ್ ಲೀ ಇದನ್ನು ಬಲ್ಲವಳಾಗಿದ್ದಳೆಂದು ತೋರುತ್ತದೆ. ಅವಳು ಮೊದಲು ಬರೆದು, 2015ರಲ್ಲಿ ಪ್ರಕಟವಾದ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಕೃತಿಯಲ್ಲಿ, ದೊಡ್ಡವಳಾದ ಮಗಳು ಅದೇ ಗ್ಯಾಲರಿಗೆ ಮತ್ತೆ ಹತ್ತಿ ಹೋಗಿ ಕೆಳಗೆ ನೋಡುತ್ತಾಳೆ. ಈ ಬಾರಿ ಅವಳಿಗೆ ಕಾಣುವುದು, ಕಪ್ಪು ಜನರನ್ನು ದೂರವಿಡಲು ಸೇರಿದ ಬಿಳಿಯರ ಸಭೆಯಲ್ಲಿ ಕುಳಿತಿರುವ ಆಟಿಕಸ್. ಆ ಪುಸ್ತಕ ಬಂದಾಗ ಪ್ರಪಂಚದ ಓದುಗರಿಗೆ ತಮ್ಮ ಮನೆದೇವರೇ ಭಗ್ನವಾದಂತೆ ಸಂಕಟವಾಯಿತು. ನನಗೂ ಆಯಿತು. ಅದನ್ನು ನಾನು ಅರ್ಧಕ್ಕೇ ಮುಚ್ಚಿಟ್ಟಿದ್ದೆ.

ಬಾಗಿಲು ಹಾಕುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಗಳನ್ನು ಬೆಂಚಿನ ಮೇಲೆ ಬಿಟ್ಟು ನಾನೊಬ್ಬನೇ ಒಳಗೆ ಹೋದೆ. ಕೋಣೆ ಖಾಲಿಯಾಗಿತ್ತು. ನೇರವಾಗಿ ಹೋಗಿ ಜ್ಯೂರಿಯ ಕುರ್ಚಿಗಳಲ್ಲಿ ಒಂದರ ಮೇಲೆ ಕುಳಿತೆ.

ಕಾದಂಬರಿಯಲ್ಲಿ ನಾವು ಸಾಮಾನ್ಯವಾಗಿ ಮರೆತುಬಿಡುವ ಒಂದು ಮಾತುಕತೆಯಿದೆ. ತೀರ್ಪಿನ ಬಳಿಕ ಮಗ ತಂದೆಯನ್ನು ಕೇಳುತ್ತಾನೆ: ನಮ್ಮಂಥವರು, ಪಟ್ಟಣದ ಓದಿದ ಜನ, ಜ್ಯೂರಿಯಲ್ಲಿ ಏಕೆ ಕೂರುವುದಿಲ್ಲ? ತಂದೆಯ ಉತ್ತರದ ಸಾರ ಇಷ್ಟು: ಕೆಲವರಿಗೆ ಆಸಕ್ತಿಯಿಲ್ಲ, ಕೆಲವರಿಗೆ ಅಂಜಿಕೆ. ಅಂಗಡಿಯವನಿಗೆ ಎರಡೂ ಕಡೆಯ ಗಿರಾಕಿಗಳು ಬೇಕು. ಹೀಗೆ ಸಭ್ಯರೆಲ್ಲ ನಯವಾಗಿ ತಪ್ಪಿಸಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಕ್ರಿಮಿನಲ್ ಮೊಕದ್ದಮೆಗಳಿಗೆ ಜ್ಯೂರಿಯ ಪದ್ಧತಿ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಉಳಿಯಲಿಲ್ಲ. ಆದ್ದರಿಂದ ಆ ಪ್ರಶ್ನೆ ನನ್ನನ್ನು ಮುಟ್ಟುವುದಲ್ಲವೆಂದು ನಾನು ಓದಿದಾಗಲೆಲ್ಲ ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಆದರೆ ಜ್ಯೂರಿ ಇಲ್ಲದಿದ್ದರೇನು? ನಮ್ಮಲ್ಲಿ ಸಮಿತಿಗಳಿವೆ.

1991ರಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿ ಊಟದ ಲೆಕ್ಕದ ಹಣ ಕಳುವಾಯಿತು. ದೂರದ ಹಳ್ಳಿಯಿಂದ ಬಂದ ದಲಿತ ಹುಡುಗನೊಬ್ಬನ ಮೇಲೆ ಅನುಮಾನ. ಅನುಮಾನಕ್ಕೆ ಕಾರಣ, ಅದೇ ವಾರ ಅವನು ಹೊಸ ಚಪ್ಪಲಿ ಕೊಂಡಿದ್ದ. ಮೂವರು ಅಧ್ಯಾಪಕರ ವಿಚಾರಣಾ ಸಮಿತಿಯಲ್ಲಿ ನಾನೊಬ್ಬ. ಹಣ ಹೋದ ಸಂಜೆ ತಾನು ಗ್ರಂಥಾಲಯದ ವಾಚನಾಲಯದಲ್ಲಿದ್ದೆನೆಂದು ಹುಡುಗ ಹೇಳಿದ. ಅಲ್ಲಿನ ಅಟೆಂಡರನ್ನು ಕರೆಸಿ ಒಂದು ಮಾತು ಕೇಳಿದ್ದರೆ ನಿಜ ತಿಳಿಯುತ್ತಿತ್ತು. ಕೇಳೋಣವೇ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂತು. ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ನಾನು ಆ ಊರಿಗೆ ಹೊಸಬ. ಹಿರಿಯರ ಪ್ರೀತಿ ನನಗೆ ಬೇಕಾಗಿತ್ತು. ಮಾತನ್ನು ನುಂಗಿದೆ. ನಿಲಯದಿಂದ ಹೊರಹಾಕಬೇಕೆಂಬ ವರದಿಗೆ ಮೂವರೂ ಸಹಿ ಮಾಡಿದೆವು. ಹುಡುಗ ವಾದಿಸಲಿಲ್ಲ. ಸಮಿತಿಗೆ ನಮಸ್ಕಾರ ಮಾಡಿ ಹೊರಟುಹೋದ. ಪರೀಕ್ಷೆಗೂ ಅವನು ಬರಲಿಲ್ಲ.

ಆ ವರ್ಷ ನಾನು ತರಗತಿಯಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಪಾಠ ಮಾಡುತ್ತಿದ್ದೆ. ಗೇಣು ಭೂಮಿಯನ್ನು ತನ್ನದೆಂದು ಉಳುವ ಆಸೆ ಹೊತ್ತು, ಹುಟ್ಟಿದ ಜಾತಿಯ ಕಾರಣದಿಂದ ಅದು ಕೈಗೂಡದೆ ಹೋದವನ ಕಥೆ ಅದು. ನನ್ನ ಪಾಠಕ್ಕೆ ಹೆಸರಿತ್ತು. ಕೊನೆಯ ಭಾಗ ಬಂದಾಗ ನನ್ನ ಗಂಟಲು ಕಟ್ಟುತ್ತಿತ್ತು. ಬೇರೆ ವಿಭಾಗದ ವಿದ್ಯಾರ್ಥಿಗಳೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮುಂದಿನ ಬೆಂಚಿನಲ್ಲಿ ಅವನು ಕೂರುತ್ತಿದ್ದ ಜಾಗ ಆಗ ಖಾಲಿಯಿತ್ತು. ಚೋಮನಿಗಾಗಿ ನಾನು ನಿಜವಾಗಿಯೇ ಅತ್ತೆ. ನಾನು ಅತ್ತದ್ದು ಬೂಟಾಟಿಕೆಯೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಭಯವಾಗುವುದು ಅದಕ್ಕೇ. ಆ ಕಣ್ಣೀರು ನಿಜವಾದದ್ದು. ಆ ಸಹಿಯೂ ನನ್ನದೇ.

ಕೃತಿಯನ್ನು ಓದುವಾಗ ನಾವು ಎಲ್ಲಿ ಕೂರುತ್ತೇವೆ ಎಂಬ ಪ್ರಶ್ನೆಯನ್ನು ನಾನು ಮೂವತ್ತೈದು ವರ್ಷದ ಅಧ್ಯಾಪನದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ನಮಗೆ ನಾವೇ ಆರಿಸಿಕೊಳ್ಳುವುದು ಆಟಿಕಸನ ಮೇಜನ್ನು, ಇಲ್ಲವೇ ಗ್ಯಾಲರಿಯ ಮಕ್ಕಳ ಜಾಗವನ್ನು. ಟಾಮನ ಕುರ್ಚಿಯಲ್ಲಿ ಕೂಡ ಕಲ್ಪನೆಯಲ್ಲಿ ಕುಳಿತು ಮರುಗಬಲ್ಲೆವು. ಬದುಕು ನಮ್ಮಂಥವರಿಗೆ ಕೊಟ್ಟಿರುವುದು ಹೆಚ್ಚಾಗಿ ಜ್ಯೂರಿಯ ಕುರ್ಚಿಯನ್ನು. ಎರಡು ಕಡೆಯ ಮಾತನ್ನೂ ಕೇಳಿ, ಒಂದು ಪ್ರಶ್ನೆಯನ್ನು ಹೆಚ್ಚಿಗೆ ಕೇಳುವ ಅಧಿಕಾರವಿದ್ದೂ, ಬಸ್ಸಿಗೆ ಹೊತ್ತಾಯಿತೆಂದು ಸಹಿ ಹಾಕಿ ಏಳುವ ಕುರ್ಚಿ ಅದು. ಕ್ರೂರಿಗಳಿಂದ ಆಗುವ ಅನ್ಯಾಯ ಕಣ್ಣಿಗೆ ಬೀಳುತ್ತದೆ, ಕಾದಂಬರಿಯ ವಸ್ತುವಾಗುತ್ತದೆ. ಸಭ್ಯರ ಆತುರದಿಂದ ಆಗುವ ಅನ್ಯಾಯಕ್ಕೆ ಒಂದು ವರದಿಯ ಹಾಳೆ ಮಾತ್ರ ಸಾಕ್ಷಿ.

ಹಿಂದಿರುಗುವ ದಾರಿಯಲ್ಲಿ ಮಾಂಟ್ಗೊಮರಿಯಲ್ಲಿ ರಾತ್ರಿ ತಂಗಿದ್ದು, ಮರುದಿನ ಮಗಳು ಒಂದು ಸ್ಮಾರಕಕ್ಕೆ ಕರೆದುಕೊಂಡು ಹೋದಳು. ಸ್ಟೀವನ್‌ಸನ್ನರ ಸಂಸ್ಥೆ 2018ರ ಏಪ್ರಿಲಿನಲ್ಲಿ ತೆರೆದದ್ದು ಅದು. ವಿಚಾರಣೆಯೇ ಇಲ್ಲದೆ ಗುಂಪುಗಳ ಕೈಯಲ್ಲಿ ಹತರಾದ ಕಪ್ಪು ಜನರ ನೆನಪಿಗಾಗಿ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು. ಕೌಂಟಿಗೆ ಒಂದು ಕಂಬ, ಅದರ ಮೇಲೆ ಸತ್ತವರ ಹೆಸರುಗಳು. ಒಳಗೆ ಹೋದಂತೆ ನೆಲ ಇಳಿಜಾರಾಗುತ್ತದೆ, ಕಂಬಗಳು ತಲೆಯ ಮೇಲೆ ತೂಗತೊಡಗುತ್ತವೆ. ಮನ್ರೋ ಕೌಂಟಿಯ ಕಂಬವೂ ಅಲ್ಲಿದೆ. ಹಿಂದಿನ ದಿನ ನೋಡಿದ್ದು ಆ ಕೌಂಟಿ ತಾನೇ ಪ್ರೀತಿಯಿಂದ ಕಾಪಿಟ್ಟುಕೊಂಡ ನೆನಪು. ಇದು ಬೇರೆಯವರು ಅದಕ್ಕಾಗಿ ಕಾಪಿಟ್ಟ ನೆನಪು. ಒಂದು ನಾಡಿನ ಚರಿತ್ರೆ ತಿಳಿಯಬೇಕಾದರೆ ಎರಡು ಕಡೆಗೂ ಹೋಗಬೇಕು. ಒಬ್ಬ ಮನುಷ್ಯನ ಚರಿತ್ರೆಗೂ ಇದೇ ಮಾತು ಸಲ್ಲುತ್ತದೆಯಲ್ಲವೆ? ನನ್ನ ಸನ್ಮಾನದ ಫಲಕಗಳನ್ನು ನಾನು ಮನೆಯ ಗೋಡೆಗೆ ತೂಗುಹಾಕಿದ್ದೇನೆ. ಆ ವರದಿಯ ಪ್ರತಿ ಎಲ್ಲಿದೆಯೋ ನೋಡುವ ಗೋಜಿಗೆ ಹೋಗಿರಲಿಲ್ಲ.

ಊರಿಗೆ ಬಂದ ಮೇಲೆ ವಿಚಾರಿಸಿದೆ. ಹಳೆಯ ಕಡತಗಳು ಉಳಿದಿಲ್ಲ. ಆಗ ವಾಚನಾಲಯದಲ್ಲಿದ್ದ ಅಟೆಂಡರು ನಿವೃತ್ತರಾಗಿ ಮಗನ ಮನೆಯಲ್ಲಿದ್ದಾರೆಂದು ತಿಳಿದು ಹೋಗಿ ಕಂಡೆ. ಮೂವತ್ತು ವರ್ಷಗಳ ಹಿಂದಿನ ಒಂದು ಸಂಜೆ ಯಾರಿಗೆ ನೆನಪಿರುತ್ತದೆ? ಆದರೆ ಹುಡುಗನ ಹೆಸರು ಹೇಳಿದಾಗ ಆ ಹಿರಿಯರು, ‘ದಿನಾ ದೀಪ ಆರಿಸುವ ತನಕ ಕೂತಿರ್ತಿದ್ದ ಸ್ವಾಮಿ. ಎಬ್ಬಿಸಿ ಕಳಿಸಬೇಕಾಗ್ತಿತ್ತು. ಆಮೇಲೆ ಯಾಕೋ ಬರೋದು ಬಿಟ್ಟ’ ಎಂದರು. ನಾನು ಏನೂ ಹೇಳದೆ ಅವರು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಆ ಹುಡುಗನಿಗೆ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೆಂದು ಗೊತ್ತಾಗಲಿಲ್ಲ. ಅವನ ಹಳ್ಳಿಗೆ ಬರೆದ ಕಾಗದ ವಿಳಾಸದಾರರಿಲ್ಲವೆಂದು ಹಿಂದಕ್ಕೆ ಬಂತು. ಬಾನುಲಿಯ ಮಾತಿಗೆ ಮಾತ್ರ ವಿಳಾಸ ಬೇಕಿಲ್ಲ. ಅದು ಹೊಲದ ಬದುವಿಗೂ ಹೋಗುತ್ತದೆ, ಕಚೇರಿಯ ಮೇಜಿಗೂ ಹೋಗುತ್ತದೆ. ಅವನು ಎಲ್ಲಿಯೋ ಕುಳಿತು ಇದನ್ನು ಕೇಳುತ್ತಿದ್ದರೆ ನಾನು ಹೇಳಬೇಕಾದದ್ದು ಇಷ್ಟೆ: ಆ ಹಾಳೆಯ ಮೂರನೆಯ ಸಹಿ ನನ್ನದು. ನೀವು ತಪ್ಪು ಮಾಡಿಲ್ಲವೆಂದು ನನಗೆ ಆಗಲೇ ಅನ್ನಿಸಿತ್ತು. ಕೇಳಬೇಕಾದ ಪ್ರಶ್ನೆಯನ್ನು ನಾನು ಕೇಳಲಿಲ್ಲ.